ಏರಿನಲ್ಲಿ ಇಳಿಯದ ಕಾಕಾ

ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗುವ ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಬಸ್ಸು ಏರು ಕಂಡರೆ ನಿಲ್ಲುತ್ತದೆ. ಗಂಡಸರೆಲ್ಲ ಇಳಿದು ದೂಡಬೇಕು. ಮುಂದಿನ ಸೀಟಿನ ಸತ್ತೆಪ್ಪ ಕಾಕಾ ಮಾತ್ರ ರುಮಾಲು ಸರಿಮಾಡಿಕೊಂಡು, "ಟಿಕೀಟ ತಗದು ಮತ್ತ ದೂಕಬೇಕೇನ್ರಿ?" ಎಂದು ಕೂತೇ ಇರುತ್ತಾರೆ. "ದೊಡ್ಡ ಸಂಸ್ಥಾನಿಕರು!" ಎಂದು ಎಲ್ಲರಿಗಿಂತ ಜೋರಾಗಿ ಹಂಗಿಸುವವನು ಶಾಲೆಯ ಮಾಸ್ತರನಾದ ನಾನು, ಗಾಡಿಗೆ ಬರೀ ಕೈಯಿಟ್ಟು ನಡೆಯುವವನೂ ನಾನೇ. ಮೊನ್ನೆ ಏರಿನಲ್ಲಿ ಗಾಡಿ ಗಕ್ಕನೆ ನಿಂತಾಗ ಕಾಕಾರ ಧೋತರ ಸರಿಯಿತು. ಮೊಣಕಾಲಿನ ಕೆಳಗೆ ಕಟ್ಟಿಗೆಯ ಕಾಲು! ಅವರ ಮುಖ ಸಣ್ಣದಾಯಿತು. ಡ್ರೈವರ್ ವೀರಪ್ಪ ಕಂಡೂ ಕಾಣದವನಂತೆ, "ಕಾಕಾ, ಏರಿನ್ಯಾಗ ನನ್ನ ಎರಡೂ ಕೈ ಚಕ್ರಕ್ಕ ಬೇಕು. ಹಾರ್ನ್ ನೀವ ಹೊಡೀರಿ" ಎಂದ. ನಾವು ಇಳಿದೆವು. ಕಾಕಾ ನಿರಾಳವಾಗಿ ಉಸಿರುಬಿಟ್ಟು ಹಾರ್ನಿನ ರಬ್ಬರ್ ಉಂಡೆ ಒತ್ತಿದರು, ಹೊರಗೆ ಕತ್ತು ಚಾಚಿ ಕೂಗಿದರು: "ಮಾಸ್ತರ, ಬರೇ ಕೈ ಇಡಬ್ಯಾಡ್ರಿ, ದೂಕ್ರಿ!"