ಮೂರು ಮಾತ್ರೆ, ಮೂರು ದಿನ

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಟೈಪಿಸ್ಟ್ ಅಕ್ಕ. ಇಪ್ಪತ್ತು ವರ್ಷ ವೈದ್ಯರ ಚೀಟಿಗಳನ್ನು ಟೈಪ್ ಮಾಡಿದವಳು. ಬೇರೆಯವರಿಗೆ ಬ್ರಹ್ಮಲಿಪಿಯಾದ ಅಕ್ಷರ ಅವಳಿಗೆ ನೀರು ಕುಡಿದಷ್ಟು ಸಲೀಸು. ನಲವತ್ತೈದು ದಾಟಿದ ಮೇಲೆ ಪ್ರೋಗ್ರಾಂ ಬರೆಯಲು ಕಲಿತಳು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಎಂದು ಅತ್ತೆ ಕೇಳಿದರೆ, "ಟೈಪ್ ಮೆಷಿನ್ನು ಮನೆಗೆ ಹೋಯ್ತು ಅತ್ತೆ. ಅದರ ಹಿಂದೆ ನಾನೂ ಹೋಗ್ಲಾ?" ಎಂದು ನಕ್ಕಿದ್ದಳು.

ಅವಳ ಮೊದಲ ದೊಡ್ಡ ಕೆಲಸ ಔಷಧಿ ಪೊಟ್ಟಣದ ಮೇಲೆ ಅಂಟಿಸುವ ಚೀಟಿ. 'ದಿನಕ್ಕೆ ಇಷ್ಟು ಮಾತ್ರೆ, ಇಷ್ಟು ದಿನ' ಎಂಬ ಸಾಲಿನಲ್ಲಿ ಎರಡು ಖಾಲಿ ಜಾಗ ಬಿಟ್ಟಿದ್ದಳು. ಕೊಟ್ಟ ಅಂಕಿಗಳನ್ನು ಕಂಪ್ಯೂಟರ್ ಕೊಟ್ಟ ಕ್ರಮದಲ್ಲೇ ಅಲ್ಲಿ ತುಂಬುತ್ತಿತ್ತು. ಪರೀಕ್ಷೆಗೆಂದು ಮೂರು ಮಾತ್ರೆ, ಮೂರು ದಿನ ಎಂದು ಹಾಕಿ ನೋಡಿದಳು. ಚೀಟಿ ಅಚ್ಚುಕಟ್ಟಾಗಿ ಬಂತು.

ಚೀಟಿ ಬಳಕೆಗೆ ಬಂದ ದಿನ, ಬೆಳಿಗ್ಗೆ ಹತ್ತಕ್ಕೆಲ್ಲ, ಔಷಧಿ ಕೊಡುವ ಹಿರಿಯರು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾವ್ರೇ, ಇದನ್ನ ಸ್ವಲ್ಪ ಓದಿ."

ದಿನಕ್ಕೆ ಏಳು ಮಾತ್ರೆ, ಎರಡು ದಿನ. ಆಗಬೇಕಾದದ್ದು ದಿನಕ್ಕೆರಡರಂತೆ ಏಳು ದಿನ. ಪ್ರೋಗ್ರಾಂನಲ್ಲಿ ಅವಳು ದಿನಗಳ ಅಂಕಿಯನ್ನು ಮೊದಲು ಕೊಟ್ಟುಬಿಟ್ಟಿದ್ದಳು. ಹೇಗೆ ಎಣಿಸಿದರೂ ಮಾತ್ರೆ ಹದಿನಾಲ್ಕೇ, ಹಾಗಾಗಿ ಕಟ್ಟಿಕೊಡುವಾಗಲೂ ಯಾರಿಗೂ ಅನುಮಾನ ಬಂದಿರಲಿಲ್ಲ.

"ನಾಲ್ಕು ಜನ ಇನ್ನೂ ಬೆಂಚಿನ ಮೇಲೇ ಇದ್ರು, ಅವರದ್ದು ತಿದ್ದಿ ಕೊಟ್ಟೆ. ಒಬ್ರು ಮನೆಗೆ ಹೋಗಿಬಿಟ್ಟಿದಾರೆ. ಹಿಂದಿನ ಬೀದಿ ದರ್ಜಿ. ಫೋನ್ ಎತ್ತುತ್ತಿಲ್ಲ."

ಅವಳು ಪ್ರಿಂಟರಿನ ತಂತಿ ಕಿತ್ತು, ಚಪ್ಪಲಿ ಮೆಟ್ಟಿ, ಬಿದ್ದಂಬೀಳ ಓಡಿದಳು.

ದರ್ಜಿಯ ಮನೆ ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಹಲಗೆಯ ಮೇಲೆ ನೀರಿನ ಲೋಟ, ಪಕ್ಕದಲ್ಲಿ ಸಾಲಾಗಿ ಆರು ಮಾತ್ರೆ. ಮುದುಕ ಕನ್ನಡಕದ ಮೇಲಿಂದ ಅವುಗಳನ್ನೇ ದಿಟ್ಟಿಸುತ್ತಿದ್ದ.

"ಯಜಮಾನ್ರೇ, ಎಷ್ಟು ತಗೊಂಡ್ರಿ?"

"ಒಂದು ನುಂಗಿದೀನಿ ತಾಯಿ. ಉಳಿದಿದ್ದಕ್ಕೆ ಧೈರ್ಯ ಬರ್ತಿಲ್ಲ. ಇದೇನು ಕಡ್ಲೆಕಾಯಾ, ಮುಕ್ಕೋಕೆ?"

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಅಳು ಬಂತು, ನಗುವೂ ಬಂತು. "ತಪ್ಪು ನಂದೇ," ಎಂದು ನಡೆದದ್ದನ್ನೆಲ್ಲ ಹೇಳಿ, ದಿನಕ್ಕೆ ಎರಡೇ ಎಂದು ಚೀಟಿ ತಿದ್ದಿದಳು. ಮುದುಕ ನೀರಿನ ಲೋಟವನ್ನು ಅವಳ ಕಡೆಗೇ ಸರಿಸಿದ.

"ಕತ್ತರಿಸಿಟ್ಟ ಮೇಲೆ ಎಡತೋಳು ಬಲತೋಳು ಒಂದೇ ಥರ ಕಾಣ್ತವೆ. ಒಂದ್ಸಲ ನಾನೂ ಎರಡು ಎಡತೋಳು ಹೊಲಿದು ಉಗಿಸ್ಕೊಂಡೆ. ಅವತ್ತಿಂದ ಸೀಮೆಸುಣ್ಣದಲ್ಲಿ ಬರೆದಿಡ್ತೀನಿ, ಇದು ಎಡ, ಇದು ಬಲ ಅಂತ. ನೆನಪನ್ನ ನಂಬಿ ಕೂತ್ರೆ ಆಗಲ್ಲ ತಾಯಿ."

ಮಧ್ಯಾಹ್ನ ಊಟವನ್ನೂ ಮರೆತು ಅವಳು ಪ್ರೋಗ್ರಾಂ ತಿದ್ದಿದಳು. ಒಂದನೆಯದು, ಎರಡನೆಯದು ಎಂಬ ಲೆಕ್ಕವನ್ನೇ ಬಿಟ್ಟಳು. ಒಂದು ಖಾಲಿ ಜಾಗಕ್ಕೆ 'ಮಾತ್ರೆ', ಇನ್ನೊಂದಕ್ಕೆ 'ದಿನ' ಎಂದು ಹೆಸರಿಟ್ಟಳು. ಇನ್ನು ಅಂಕಿಗಳನ್ನು ಯಾವ ಕ್ರಮದಲ್ಲಿ ಕೊಟ್ಟರೂ ಅವು ತಮ್ಮ ತಮ್ಮ ಜಾಗಕ್ಕೇ ಹೋಗುತ್ತಿದ್ದವು. ಒಂದು ಮಾತ್ರೆ, ಮೂವತ್ತು ದಿನ. ನಾಲ್ಕು ಮಾತ್ರೆ, ಐದು ದಿನ. ಹೀಗೆ ಎರಡು ಅಂಕಿ ಬೇರೆ ಬೇರೆ ಇರುವಂತೆ ನೋಡಿಕೊಂಡು ಪರೀಕ್ಷಿಸಿದಳು. ದಿನ ಹಾಕದಿದ್ದರೆ ಚೀಟಿಯೇ ಬಾರದಂತೆ ಮಾಡಿದಳು. ಔಷಧಿಯ ಹಿರಿಯರು ಇಪ್ಪತ್ತು ಚೀಟಿಗಳನ್ನು ಗಟ್ಟಿಯಾಗಿ ಓದಿ ತಲೆಯಾಡಿಸಿದ ಮೇಲೇ ಪ್ರಿಂಟರಿಗೆ ಮತ್ತೆ ತಂತಿ ಬಿತ್ತು.

ಸಂಜೆ ಅತ್ತೆ, "ಮುಖ ಯಾಕೆ ಬಾಡಿದೆ?" ಎಂದು ಕೇಳಿದರು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

"ಹೋಗಿ ಒಪ್ಕೊಂಡೆಯಲ್ಲ, ಅಷ್ಟು ಸಾಕು. ಬಾ, ಉಣ್ಣು," ಎಂದು ಅತ್ತೆ ತಟ್ಟೆ ಇಟ್ಟರು.