ಹದಿನಾಲ್ಕನೆಯ ಸಾಲು

ಬೆಳಗಿನ ಐದೂವರೆ. ತಮಿಳು ಸೀಮೆಯ ಕಡಯಂಪಟ್ಟಿಯ ಹೊರಗೆ, ತಮ್ಮ ಮನೆಯ ಮುಂದಿನ ಹುಣಸೆಮರದ ಬುಡದಲ್ಲಿ ಮಾರಿಯಪ್ಪ ಕೆಂಡದಿಂದ ಉಳಿಗಳನ್ನು ಒಂದೊಂದಾಗಿ ಎತ್ತಿ ನೀರಿಗೆ ಅದ್ದುತ್ತಿದ್ದಾರೆ. ಪ್ರತಿಸಲವೂ ಮೊನೆಯನ್ನು ಎಡಗಣ್ಣಿನ ಹತ್ತಿರ ತಂದು ನೋಡುತ್ತಾರೆ. ಬಲಗಣ್ಣಿಗೆ ಹಿಂದೊಮ್ಮೆ ಕಲ್ಲಿನ ಚೂರು ಹಾರಿತ್ತು. ಅಂದಿನಿಂದ ಅದಕ್ಕೆ ಬೆಳಕು ಮಾತ್ರ ತಿಳಿಯುತ್ತದೆ, ಆಕಾರ ತಿಳಿಯುವುದಿಲ್ಲ.

ಒಂಬತ್ತು ಉಳಿ, ಎರಡು ಸುತ್ತಿಗೆ, ಒಂದು ಗೋಣಿಚೀಲ. ಅವರ ಆಸ್ತಿ ಇಷ್ಟೇ. ಹೊತ್ತು ಮೂಡುವ ಮೊದಲೇ ಚೀಲ ಹೆಗಲಿಗೇರುತ್ತದೆ. ಅಡುಗೆಮನೆಯ ರುಬ್ಬುವ ಕಲ್ಲು ಸವೆದು ನುಣುಪಾದರೆ ಹಿಟ್ಟು ನುರಿಯುವುದಿಲ್ಲ. ಆ ನುಣುಪನ್ನು ಉಳಿಯಿಂದ ಕುಟ್ಟಿ ತೆಗೆದು ಕಲ್ಲನ್ನು ಮತ್ತೆ ಒರಟು ಮಾಡುವುದು ಅವರ ಕೆಲಸ. ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆ, ಐದಾರು ಕಲ್ಲು. ತಮಿಳರ ಬೀದಿಯಲ್ಲಿ ‘ಅಮ್ಮಿ ಕೊತ್ತಣುಮಾ’ ಎಂದು ಕೂಗುತ್ತಾರೆ, ಕನ್ನಡದವರ ಬೀದಿಗೆ ತಿರುಗಿದರೆ ‘ಕಲ್ಲು ಕುಟ್ಟಿಸ್ತೀರಾ’ ಎನ್ನುತ್ತಾರೆ. ಬೀದಿ ತಿರುಗುವಾಗ ಮಾತು ಬದಲಾಗುವುದು ಅವರ ಗಮನಕ್ಕೇ ಬರುವುದಿಲ್ಲ.

“ಊರ ಕಲ್ಲೆಲ್ಲ ಒರಟು ಮಾಡ್ಬುಟ್ಟು ಬತ್ತಾನೆ. ನಮ್ಮನೆ ಕಲ್ಲು ನೋಡ್ರಿ, ಮುಖ ನೋಡ್ಕೊಂಡು ತಲೆ ಬಾಚ್ಕೋಬೋದು,” ಎನ್ನುತ್ತಾರೆ ಹೆಂಡತಿ ಗೋವಿಂದಮ್ಮ, ಒಲೆಯ ಬೂದಿ ಬಳಿಯುತ್ತ. ಮಾರಿಯಪ್ಪ ಇನ್ನೊಂದು ಉಳಿಯನ್ನು ನೀರಿಗೆ ಅದ್ದುತ್ತಾರೆ.

ಅಕ್ಷರ ಕೆತ್ತುವ ಕೆಲಸ ಅಪರೂಪಕ್ಕೆ ಬರುತ್ತದೆ. ಬಾವಿ ಕಟ್ಟಿಸಿದವರ ಹೆಸರು, ಗುಡಿಯ ಮೆಟ್ಟಿಲು, ಗಡಿಕಲ್ಲು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಗದದಲ್ಲಿ ಇರುವುದನ್ನು ನೋಡಿ ಕಲ್ಲಿನ ಮೇಲೆ ಕಾವಿಯಲ್ಲಿ ಬರೆದುಕೊಳ್ಳುತ್ತಾರೆ, ಗೆರೆಯ ಮೇಲೆ ಉಳಿ ಇಡುತ್ತಾರೆ. ದಿನಕ್ಕೆ ಮೂವತ್ತು ಅಕ್ಷರ; ಕಲ್ಲು ಗಡುಸಾದರೆ ಇಪ್ಪತ್ತು.

ಹೋದ ವರ್ಷ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿತು. ಸುತ್ತಿನ ಊರುಗಳಿಂದ ಜೈಲಿಗೆ ಹೋದವರ ಹೆಸರನ್ನು ಕೆತ್ತಿಸಿ ಆಗಸ್ಟ್ ಹದಿನೈದಕ್ಕೆ ಪಂಚಾಯತಿ ಆಪೀಸಿನ ಮುಂದೆ ಕಲ್ಲು ನಿಲ್ಲಿಸಬೇಕೆಂದು ಆದೇಶ ಬಂತು. ತಮಿಳು ಲಿಪಿಯಲ್ಲಿ ಇಪ್ಪತ್ತೆರಡು ಹೆಸರು. ಎದುರಿಗೆ ಅವರವರ ಊರು. ಗುಮಾಸ್ತ ಚಿನ್ನಸ್ವಾಮಿ ಪಟ್ಟಿಯನ್ನು ಕೊಡುವಾಗ ಒಮ್ಮೆ ಗಟ್ಟಿಯಾಗಿ ಓದಿದರು. ಕೇಳಿದ್ದನ್ನು ಮಾರಿಯಪ್ಪ ಮರೆಯುವುದಿಲ್ಲ. ಯಾವ ಸಾಲಿನಲ್ಲಿ ಯಾರು, ಯಾವ ಊರು ಎಂಬುದು ಅವರ ತಲೆಯಲ್ಲಿ ಉಳಿಯಿತು.

ಕೆಲಸ ನಡೆದಿರುವಾಗ ಗುಂಡಿಕೊಟ್ಟಾಯ್‌ನ ರಾಮಕ್ಕ ಬಂದರು. ಅರವತ್ತು ದಾಟಿದ ವಿಧವೆ. ಇಪ್ಪತ್ತು ಕುರಿ ಸಾಕಿಕೊಂಡಿದ್ದಾರೆ. ಅವರ ಗಂಡ ದೊಡ್ಡಣ್ಣ ನಲವತ್ತೆರಡರ ಚಳವಳಿಯಲ್ಲಿ ತಂತಿ ಕಡಿದವರ ಗುಂಪಿನಲ್ಲಿ ಸಿಕ್ಕಿಬಿದ್ದು ಎಂಟು ತಿಂಗಳು ಜೈಲಿನಲ್ಲಿದ್ದರು. ಕೆಮ್ಮು ಹಿಡಿಸಿಕೊಂಡು ಹಿಂತಿರುಗಿದರು. ಆ ದೀಪಾವಳಿಯನ್ನು ಕಾಣಲಿಲ್ಲ.

“ನಮ್ಮನೇರ ಎಸ್ರು ಎಲ್ಲೈತೆ ತೋರ್ಸು,” ಎಂದರು ರಾಮಕ್ಕ.

ಮಾರಿಯಪ್ಪ ಸಾಲುಗಳನ್ನು ಮನಸ್ಸಿನಲ್ಲೇ ಎಣಿಸಿದರು. ದೊಡ್ಡಣ್ಣ ಇರಲಿಲ್ಲ. ಗುಂಡಿಕೊಟ್ಟಾಯ್‌ನ ಎದುರು, ಹದಿನಾಲ್ಕನೆಯ ಸಾಲಿನಲ್ಲಿ, ಪೆರಿಯಣ್ಣನ್ ಎಂದಿತ್ತು. ಆ ಊರಲ್ಲಿ ಪೆರಿಯಣ್ಣನ್ ಎಂಬವರು ಯಾವತ್ತೂ ಇರಲಿಲ್ಲ.

ಆ ಸಾಲಿನ ಹೆಸರನ್ನು ಕೇಳಿದ್ದೇ ಆದದ್ದೇನೆಂದು ರಾಮಕ್ಕನಿಗೆ ತಿಳಿಯಿತು. “ಕೋರ್ಟ್ನಾಗೆ ತಮಿಳ್ನಾಗೆ ಕೇಳವ್ರೆ, ಇವ್ರು ತಮಿಳ್ನಾಗೇ ಏಳವ್ರೆ. ಮಾತಿನ್ ಜೊತೆ ಎಸ್ರೂ ತಮಿಳಾಗೋಯ್ತು.”

ಇದು ಈ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ಮನೆಯಲ್ಲಿ ದೊಡ್ಡ ಎನ್ನುವುದು ಆಪೀಸಿನ ಬಾಗಿಲಲ್ಲಿ ಪೆರಿಯ ಆಗುತ್ತದೆ, ಚಿಕ್ಕ ಎನ್ನುವುದು ಚಿನ್ನ ಆಗುತ್ತದೆ. ಹಾಗೆ ಹೇಳುವವರಿಗೆ ಅದರಲ್ಲಿ ಸುಳ್ಳು ಕಾಣುವುದಿಲ್ಲ. ಆದರೆ ಕಲ್ಲು ಒಮ್ಮೆ ನಿಂತರೆ ದೊಡ್ಡಣ್ಣ ಎಂಬೊಬ್ಬರು ಜೈಲಿಗೆ ಹೋಗಿದ್ದರೆಂದು ಹೇಳುವ ಗುರುತು ಬೇರೆಲ್ಲೂ ಇಲ್ಲ. ಒಂದು ಫೋಟೋ ಕೂಡ ಇಲ್ಲ.

ಇಬ್ಬರೂ ಆಪೀಸಿಗೆ ಹೋದರು. ಚಿನ್ನಸ್ವಾಮಿ ಕೆಟ್ಟವರಲ್ಲ. ಬೆಂಚು ತೋರಿಸಿ ಕೂರಿಸಿದರು. ಗಂಡನ ಹೆಸರನ್ನು ಹೆಂಡತಿಯೇ ಹೇಳಲಿ, ಬರೆದು ಮೇಲಕ್ಕೆ ಕಳಿಸುತ್ತೇನೆ ಎಂದರು. ರಾಮಕ್ಕ ಮದುವೆಯಾದಂದಿನಿಂದ ಆ ಹೆಸರನ್ನು ಬಾಯಲ್ಲಿ ತಂದಿಲ್ಲ. ಅವರ ಕಡೆ ಯಾವ ಹೆಂಗಸೂ ತರುವುದಿಲ್ಲ. ಕೊನೆಗೆ, ಆಪೀಸೆಂದು ತಮಿಳಿನಲ್ಲೇ ಹೇಳಿದರು: “ಚಿನ್ನಣ್ಣನ್ ಅಂತಾರಲ್ಲ, ಅದಕ್ಕೆ ಎದುರು ಹೆಸರು.”

ಚಿನ್ನಸ್ವಾಮಿ ಪೆನ್ನು ಕೆಳಗಿಟ್ಟರು. “ಹಾಗಾದರೆ ಪೆರಿಯಣ್ಣನ್. ಅದನ್ನೇ ತಾನೇಮ್ಮಾ ಬರೆದಿರೋದು?”

ಅದನ್ನು ನೆನೆದು ಮಾರಿಯಪ್ಪ ನಗುತ್ತಾರೆ. “ಗಂಡ ಎಂಡ್ತಿ ಇಬ್ರೂ ಒಂದೇ ಗುಂಡೀಲಿ ಬಿದ್ರು ನೋಡ್ರಿ, ಮೂವತ್ತು ವರ್ಸದ ಮ್ಯಾಲೆ.” ಆ ದಿನ ಅವರು ತಾವೇ ಹೆಸರನ್ನು ಹೇಳಿ ನೋಡಿದರಂತೆ. ಕಲ್ಲು ಕುಟ್ಟುವವರ ಮಾತು ದಾಖಲೆಯಾಗುವುದಿಲ್ಲ, ಜೈಲಿನ ರಿಜಿಸ್ಟರಿನಲ್ಲಿ ಇದ್ದಂತೆ ಕೆತ್ತಬೇಕು ಎಂದು ಉತ್ತರ ಬಂತು. ಹಿಂದಿರುಗುವ ದಾರಿ ನಾಲ್ಕು ಮೈಲಿ. ಮನೆಯ ತಿರುವಿನಲ್ಲಿ ರಾಮಕ್ಕ ಹೇಳಿದರು: “ಓಗ್ಲಿ ಬುಡು. ನಂಗಂತೂ ಬಾಯಿಗೆ ಬರ್ನಿಲ್ಲ.”

ಮಾರಿಯಪ್ಪ ಇಪ್ಪತ್ತೊಂದು ಸಾಲು ಮುಗಿಸಿದರು. ಹದಿನಾಲ್ಕನೆಯದನ್ನು ಬಿಟ್ಟಿದ್ದರು. ಆಗಸ್ಟ್ ಹನ್ನೆರಡರ ಬೆಳಿಗ್ಗೆ ಕಾಗದವನ್ನು ಮಡಿಸಿ ಗೋಣಿಚೀಲದ ಕೆಳಗಿಟ್ಟು ಕಾವಿ ಕಲಸಿದರು. ಓದಲು ಬಾರದವರು ಒಂದು ಹೆಸರನ್ನು ಬರೆಯುವುದು ಹೇಗೆ? ತಲೆಯಲ್ಲಿ ಉಳಿದಿದ್ದ ಹೆಸರುಗಳ ದನಿಗೆ ಕೆತ್ತಿದ ಆಕಾರಗಳನ್ನು ಹೊಂದಿಸಿದರು. ಒಂಬತ್ತನೆಯ ಸಾಲಿನವರ ಊರು ತೊಪ್ಪೂರು. ಅಲ್ಲಿಂದ ಮೊದಲ ಅಕ್ಷರ ‘ತೊ’ ತೆಗೆದುಕೊಂಡರು. ಗುಂಡಿಕೊಟ್ಟಾಯ್‌ನ ನಡುವಿನಿಂದ ಮುಂದಿನ ‘ಟ್ಟ’. ಕೊನೆಯ ಭಾಗವನ್ನು ಪೆರಿಯಣ್ಣನ್ ಎಂಬುದರಲ್ಲೇ ಉಳಿಸಿಕೊಂಡರು. ತಮಿಳು ಲಿಪಿಯಲ್ಲಿ ತ-ದ, ಟ-ಡ ಬೇರೆಬೇರೆಯಿಲ್ಲ. ತಮಿಳರು ಓದಿದರೆ ತೊಟ್ಟಣ್ಣನ್. ಗುಂಡಿಕೊಟ್ಟಾಯ್‌ನವರಿಗೆ ಓದಿ ಹೇಳಿದರೆ ದೊಡ್ಡಣ್ಣ.

ಕಲ್ಲು ನಿಂತಿತು. ಹಾರ ಹಾಕಿದರು, ಭಾಷಣ ಮಾಡಿದರು, ಯಾರೂ ಓದಲಿಲ್ಲ. ಜನ ಚದುರಿದ ಮೇಲೆ ಮಾರಿಯಪ್ಪ ರಾಮಕ್ಕನ ಬೆರಳನ್ನು ಹಿಡಿದು ಆ ಸಾಲಿನ ಮೇಲಿಟ್ಟು ಹೆಸರನ್ನು ಗಟ್ಟಿಯಾಗಿ ಹೇಳಿದರು. ರಾಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಮೆಲ್ಲಗೆ ಏಳೋ ಲೋ. ಬೀದಿ ಇದು.” ಬೆರಳನ್ನು ಮಾತ್ರ ತೆಗೆಯಲಿಲ್ಲ.

ವಾರ ಕಳೆದು ಚಿನ್ನಸ್ವಾಮಿ ಕಲ್ಲನ್ನು ಪಟ್ಟಿಯೊಂದಿಗೆ ತಾಳೆ ನೋಡಿದರು. ಕರೆಸಿ ಕೇಳಿದರು. ತಾನು ಓದು ಬಾರದವನು, ಕೈತಪ್ಪಿ ಒಂದು ಸಾಲು ಹಾಳಾಯಿತು ಎಂದರು ಮಾರಿಯಪ್ಪ. ಗ್ರಾನೈಟನ್ನು ಅಳಿಸಲಾಗುವುದಿಲ್ಲ. ಇನ್ನೊಂದು ಆಪೀಸಿನ ಕಲ್ಲು ಇವರಿಗೇ ಎಂದು ಮಾತಾಗಿತ್ತು. ಅದು ತಾರಮಂಗಲಂ ಕಡೆಯ ಇನ್ನೊಬ್ಬರಿಗೆ ಹೋಯಿತು. ಮಾರಿಯಪ್ಪನಿಗೆ ಅಕ್ಷರ ಬರುವುದಿಲ್ಲ, ತಪ್ಪು ಕೆತ್ತುತ್ತಾನೆ ಎಂಬ ಮಾತು ಸುತ್ತಿನಲ್ಲೆಲ್ಲ ಹಬ್ಬಿದೆ. ಆಗಸ್ಟ್‌ನಿಂದ ಈಚೆಗೆ ಬಾವಿಯ ಕಲ್ಲು ಕೂಡ ಬಂದಿಲ್ಲ. ಮೂವತ್ತೈದು ವರ್ಷ ಒಂದು ಗೆರೆ ತಪ್ಪದ ಕೈ ಈಗ ರುಬ್ಬುವ ಕಲ್ಲಿಗೆ ಮಾತ್ರ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ತೊಂದರೆಯಾದೀತೇ ಎಂದು ಕೇಳಿದರೆ ಅವರು ಚೀಲದ ಬಾಯಿ ಬಿಗಿಯುತ್ತಾರೆ. “ಕನ್ನಡದಾಗೆ ತಾನೇ? ಬರ್ಕಳ್ರಿ ಸಾರ್. ಆಪೀಸ್ನಾಗೆ ಯಾರ್ಗೂ ಕನ್ನಡ ಓದಾಕೆ ಬರಲ್ಲ. ನಂಗೂ ಬರಲ್ಲ.”

ಎದ್ದು ನಿಂತು ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತಾರೆ. ಬಿಸಿಲು ಇನ್ನೂ ಬಂದಿಲ್ಲ. ನಾಲ್ಕು ಹೆಜ್ಜೆ ಹೋದವರು, ಕೇಳದಿದ್ದರೂ, ತಿರುಗಿ ನೋಡದೆ ಹೇಳುತ್ತಾರೆ:

“ಮಿಕ್ಕಿದ್ದೆಲ್ಲ ನೋಡ್ಕಂಡು ಕೆತ್ತಿದ್ದು. ಅದೊಂದು ನಾನೇ ಬರ್ದಿದ್ದು.”