ಮಗ್ಗ ನಿಂತಾಗ ಹೊದಿಸುವ ಪಂಚೆ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮೊಳಕಾಲ್ಮೂರಿನ ನೇಕಾರ ನಾನು. ಕಂಪ್ಯೂಟರ್ ವಿಷಯ ಬರೆಯುತ್ತಿದ್ದೇನೆಂದು ನಗುವವರು ನಗಲಿ. ಮೊಮ್ಮಗಳ ಸುದ್ದಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ಅವಳು ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಳು. ಒಂದು ದಿನ ಮೇಷ್ಟ್ರು ಹೇಳಿಕಳಿಸಿದರು, ಹಿರಿಯರು ಬರಬೇಕಂತೆ. ಹೋದೆ.

"ನಾನು ಟೈಪ್ ಮಾಡಿದ್ದ ಪರೀಕ್ಷೆ ಪ್ರಶ್ನೆನೆಲ್ಲ ನಿಮ್ಮ ಹುಡುಗಿ ನೋಡ್ಯಾಳೆ. ನನ್ನ ಪಾಸ್‌ವರ್ಡ್ ಕದ್ದಿರಬೇಕು. ನಾಳೆಯಿಂದ ಕ್ಲಾಸಿಗೆ ಬರೋದು ಬ್ಯಾಡ."

"ನೋಡಿದ ಕೂಡ್ಲೇ ನಾನೇ ಬಂದು ಹೇಳಿದ್ನಲ್ಲ ಸಾರ್. ಕದ್ದೋರು ಬಂದು ಹೇಳ್ತಾರಾ?" ಎಂದಳು ಮೊಮ್ಮಗಳು. ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ಅದು ಹೆಂಗಾತು ಅಂತ ತೋರಿಸವ್ವಾ" ಎಂದೆ.

ಅಲ್ಲಿ ಒಂದೇ ಯಂತ್ರವನ್ನು ಹತ್ತು ಜನ ಬಳಸುತ್ತಿದ್ದರು, ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್. ಮೇಷ್ಟ್ರು ತಮ್ಮ ಪಾಸ್‌ವರ್ಡಿನಿಂದ ಒಳಗೆ ಹೋಗಿ ಒಂದು ಸಾಲು ಟೈಪ್ ಮಾಡಿದರು. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ದೊಡ್ಡ ಚಿತ್ರವೊಂದನ್ನು ಸೇರಿಸಿದರೆ ಟೈಪ್ ಮಾಡುವ ಆ ಪ್ರೋಗ್ರಾಮು ಕೆಟ್ಟು ಬಿದ್ದುಹೋಗುತ್ತಿತ್ತು; ಪ್ರಶ್ನೆ ಟೈಪ್ ಮಾಡಿದ ದಿನವೂ ಹಾಗೇ ಆಗಿತ್ತಂತೆ. ಅವಳು ಹೇಳಿದಂತೆ ಮೇಷ್ಟ್ರೇ ಸೇರಿಸಿ ಬೀಳಿಸಿದರು. ಆಮೇಲೆ ಅವಳು ತನ್ನ ಪಾಸ್‌ವರ್ಡಿನಿಂದ ಒಳಗೆ ಹೋಗಿ ಯಾವುದೋ ಫೈಲು ತೆರೆದಳು. ಪ್ರೋಗ್ರಾಮು ಬಿದ್ದಾಗ, ಯಾಕೆ ಬಿತ್ತೆಂದು ಪತ್ತೆ ಮಾಡಲು ಯಂತ್ರವು ಅದರ ನೆನಪಿನಲ್ಲಿದ್ದುದನ್ನೆಲ್ಲ ಆ ಫೈಲಿನಲ್ಲಿ ಬರೆದಿಡುತ್ತದಂತೆ. ಅದನ್ನು ಯಾರು ಬೇಕಾದರೂ ಓದಬಹುದಿತ್ತು! ಅರ್ಥವಿಲ್ಲದ ಅಕ್ಷರಗಳ ನಡುವಿನಿಂದ ಅವಳು ಜೋರಾಗಿ ಓದಿದಳು: "ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಬೇಕು."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರ ಕಿವಿ ಕೆಂಪಾದವು.

"ಇದು ನಿನಗೆ ಹೆಂಗೆ ಹೊಳೀತಮ್ಮ?"

"ತಾತನ ಪಂಚೆಯಿಂದ ಸಾರ್."

ನಮ್ಮಲ್ಲಿ ಹೊಸ ಅಂಚು ನೇಯುವಾಗ ಮಗ್ಗ ಕೆಟ್ಟು ನಿಂತರೆ, ಅಂಚು ಯಾರ ಕಣ್ಣಿಗೂ ಬೀಳದಂತೆ ಮೊದಲು ಅದರ ಮೇಲೆ ಪಂಚೆ ಹೊದಿಸಿ ಆಮೇಲೆ ರಿಪೇರಿಯವನನ್ನು ಕರೆಯುತ್ತೇವೆ. ನಾನೊಮ್ಮೆ ಗಾಬರಿಯಲ್ಲಿ ಹೊದಿಸದೆ ಹಾಗೇ ಓಡಿದ್ದೆ. ನನ್ನ ಸೀರೆ ಮಗ್ಗದಿಂದ ಇಳಿಯುವ ಮೊದಲೇ ನನ್ನ ಅಂಚು ಪಕ್ಕದ ಓಣಿಯ ಸೀರೆಯಲ್ಲಿತ್ತು! ಈ ಕಥೆ ಕೇಳಿ ಬೆಳೆದವಳು, ಪ್ರೋಗ್ರಾಮು ಬಿದ್ದಾಗ ಏನು ತೆರೆದೇ ಉಳಿಯಿತೆಂದು ಹುಡುಕಿದ್ದಳು.

ಮೇಷ್ಟ್ರು ಅಲ್ಲೇ ಕೂತು, ಯಾರ ಪ್ರೋಗ್ರಾಮು ಬಿತ್ತೋ ಅವರಿಗಷ್ಟೇ ಆ ಫೈಲು ತೆರೆಯುವಂತೆ ಮಾಡಿದರು. "ತಪ್ಪಾತು ಯಜಮಾನ್ರೇ. ನಾಳೆ ಕಳಿಸ್ರಿ. ಇನ್ನು ನಾನು ಬ್ಯಾರೆ ಪ್ರಶ್ನೆ ಪತ್ರಿಕೆ ಮಾಡಬೇಕು."

"ಪಂಚೆ ಹೊದಿಸ್ಕೊಂಡು ಮಾಡ್ರಿ ಸ್ವಾಮೀ."

ಬಸ್ಸು ಬಿ.ಜಿ. ಕೆರೆ ಮುಟ್ಟುವಷ್ಟರಲ್ಲಿ ಕಂಡಕ್ಟರನಿಂದ ಹಿಡಿದು ಹಿಂದಿನ ಸೀಟಿನ ಅಜ್ಜಿಯವರೆಗೆ ಎಲ್ಲರಿಗೂ ಕಥೆ ಹೇಳಿ ಮುಗಿಸಿದ್ದೆ.

"ತಾತ, ಸಾಕು, ಬಾಯಿ ಮುಚ್ಚು" ಎಂದು ಮೊಮ್ಮಗಳು ಟವೆಲ್ ಎಳೆದಳು.

ಎಲ್ಲಿ ಮುಚ್ಚಲಿ!